ನೆರೆಯ ಧರ್ಮ

ಮನೆ ಕಟ್ಟಿಸುವವನಿಗೆ ಮೇಸ್ತ್ರಿಯೇ ಗುರು ಎಂಬುದು ಅನುಭವಿಗಳ ಮಾತು. 2014ರಲ್ಲಿ ಬೆಂಗಳೂರಿನ ಪೂರ್ವದಿಕ್ಕಿನ ಒಂದು ಬಡಾವಣೆಯಲ್ಲಿ ನಾನು ಪುಟ್ಟದೊಂದು ಮನೆ ಕಟ್ಟಿಸಲು ಹೊರಟಾಗ, ನಮ್ಮ ಮೇಸ್ತ್ರಿ ನಿವೇಶನವನ್ನು ಒಮ್ಮೆ ಸುತ್ತಿ ಬಂದು, “ಪಾಯ ಮೂರಡಿ ಎತ್ತರಿಸಿಬಿಡೋಣ ಸಾರ್, ಇದು ನೀರು ಬರೋ ಜಾಗ” ಎಂದ. ಸುತ್ತಮುತ್ತ ಎಲ್ಲಿಯೂ ನೀರಿನ ಕುರುಹಿರಲಿಲ್ಲ. ಕೊಳವೆಬಾವಿ ತೋಡಿಸುವುದಕ್ಕೆ ಸಾಲ ಮಾಡಬೇಕಾದ ಊರಿನಲ್ಲಿ ‘ನೀರು ಬರೋ ಜಾಗ’ ಎಂಬ ಮಾತು ಕೇಳಿ ನನಗೆ ನಗು ಬಂತು. ಆದರೂ ಗುರುವಾಕ್ಯವನ್ನು ಮೀರಬಾರದೆಂದು ಇನ್ನಷ್ಟು ಕಲ್ಲು ಮಣ್ಣು ತರಿಸಿ ಪಾಯವನ್ನು ಏರಿಸಿದೆ. ಆಮೇಲೆ ಎಂಟು ವರ್ಷ ಆ ಮಾತನ್ನು ಮರೆತೇಬಿಟ್ಟೆ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ಬೆಂಗಳೂರಿನವರಿಗೆ ನೆನಪಿದ್ದೇ ಇರುತ್ತದೆ. ಪೂರ್ವಭಾಗದ ಕೆರೆಗಳು ತುಂಬಿ ಹರಿದು, ಹೊರವರ್ತುಲ ರಸ್ತೆ ಹೊಳೆಯಾಗಿ, ದೊಡ್ಡ ಸಂಬಳದ ಇಂಜಿನಿಯರುಗಳು ಟ್ರಾಕ್ಟರು ಏರಿ ಕಚೇರಿಗೆ ಹೋದ ದಿನಗಳವು. ಒಂದು ರಾತ್ರಿ ನಮ್ಮ ಬೀದಿಗೂ ನೀರು ಬಂತು. ಗೇಟನ್ನು ದಾಟಿ ಒಳಗೆ ಬಂದು, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಮೂರನೆಯ ಮೆಟ್ಟಿಲಿನ ಹತ್ತಿರ ಏನೋ ಯೋಚಿಸಿದಂತೆ ನಿಂತು, ಪಕ್ಕಕ್ಕೆ ತಿರುಗಿ ಇಳಿದುಹೋಯಿತು. ಪುಸ್ತಕಗಳು ಉಳಿದುವಲ್ಲ ಎಂದು ನಾನು ದೇವರಿಗೂ ಮೇಸ್ತ್ರಿಗೂ ಮನಸ್ಸಿನಲ್ಲೇ ಕೈಮುಗಿದೆ.

ನಮ್ಮ ಬೀದಿಯ ತಗ್ಗಿನ ತುದಿಯಲ್ಲಿ ಶೀಟು ಹೊದಿಸಿದ ಐದಾರು ಮನೆಗಳ ಒಂದು ಸಾಲಿದೆ. ಅದರಲ್ಲೊಂದು, ನಮ್ಮ ಮನೆಯ ಬಟ್ಟೆಗಳನ್ನು ಇಸ್ತ್ರಿ ಮಾಡಿಕೊಡುವ ಹೆಂಗಸಿನದು. ಬೆಳಗ್ಗೆ ಹೋಗಿ ನೋಡಿದರೆ ಆಕೆ ಬಾಗಿಲಿನಲ್ಲಿ ಕುಳಿತು ಬೋಗುಣಿಯಿಂದ ಕೆಸರುನೀರನ್ನು ಹೊರಗೆ ಚೆಲ್ಲುತ್ತಿದ್ದಳು. ಇದ್ದಿಲ ಮೂಟೆ ನೆನೆದು ಕರಿಯ ನೀರು ಗೋಡೆಯ ಬುಡದಲ್ಲಿ ನಿಂತಿತ್ತು. “ನಿಮ್ಮ ಬಟ್ಟೆ ಗಂಟೂ ನೆಂದೋಯ್ತು ಮೇಷ್ಟ್ರೇ, ಒಗೆದು ಒಣಗಿಸಿ ಕೊಡ್ತೀನಿ” ಎಂದಳು. ಅವಳಿಗೆ ಸಮಾಧಾನ ಹೇಳಬೇಕೆಂದು ನಾನು, “ಏನು ಮಾಡೋಕಾಗುತ್ತಮ್ಮ, ಪ್ರಕೃತಿ ವಿಕೋಪ” ಎಂದೆ. ಆಕೆ ತಲೆಯೆತ್ತದೆ, “ಅದೇನೋ ನಂಗೊತ್ತಿಲ್ಲ ಮೇಷ್ಟ್ರೇ. ಮೇಲಿನೋರೆಲ್ಲ ಎತ್ತರ ಮಾಡ್ಕೊಂಡ್ರಿ, ನೀರು ನಮ್ಮನೇಗೆ ಬಂತು” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅಂಗಡಿಯ ಲೆಕ್ಕ ಒಪ್ಪಿಸುವವರ ಧ್ವನಿಯಲ್ಲಿ ಹೇಳಿದಳು. ಸಿಟ್ಟಿದ್ದಿದ್ದರೆ ನಾನು ಬಹುಶಃ ಅದನ್ನು ಮರೆಯುತ್ತಿದ್ದೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನ ದುಡ್ಡಿನಲ್ಲಿ, ನನ್ನ ನೆಲದಲ್ಲಿ, ನನ್ನ ಮನೆಯನ್ನು ನಾನು ಎತ್ತರಿಸಿಕೊಂಡೆ. ಯಾರದನ್ನೂ ಕದಿಯಲಿಲ್ಲ, ಯಾವ ಕಾಯಿದೆಯನ್ನೂ ಮುರಿಯಲಿಲ್ಲ. ಮಕ್ಕಳೊಂದಿಗನು ತನ್ನ ಮನೆಯನ್ನು ಕಾಪಾಡಿಕೊಳ್ಳುವುದು ಪಾಪವೆ? ಪಾಪವಲ್ಲವೆಂದಾದರೆ, ಆಕೆಯ ಮನೆಯೊಳಗೆ ನಿಂತ ನೀರು ಯಾರದು?

ಮೊದಲು ‘ವಿಕೋಪ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕೋಪವಿರಬೇಕಾದರೆ ಕೋಪಿಸಿಕೊಳ್ಳುವ ಮನಸ್ಸೊಂದು ಇರಬೇಕು. ನಮ್ಮ ಮೆಟ್ಟಿಲಿನ ಬಳಿ ನೀರು ಯೋಚಿಸುತ್ತ ನಿಂತಿತೆಂದು ನಾನು ಮೇಲೆ ಬರೆದೆನಷ್ಟೆ. ಅದು ನನ್ನ ಭ್ರಮೆ. ನೀರಿಗೆ ಇರುವುದು ಮನಸ್ಸಲ್ಲ, ಇಳಿಜಾರು. ನಾವು ಕಣಿವೆ ಎಂದೂ ಬಯಲು ಎಂದೂ ಕರೆಯುವುದರ ಬಹುಪಾಲು ಅದು ಇಳಿಜಾರನ್ನು ಹಿಡಿದು ನಡೆದುದರ ಗುರುತು. ಮೇಕೆದಾಟಿನಲ್ಲಿ ಕಾವೇರಿ ಬಂಡೆಯನ್ನು ಸೀಳಿ ಇಕ್ಕಟ್ಟಾದ ಕಂದರದಲ್ಲಿ ನುಗ್ಗುವುದನ್ನು ಹಲವರು ನೋಡಿರಬಹುದು. ಅಲ್ಲಿ ಕಲ್ಲನ್ನು ಸವೆಸಿದ್ದು ಬರಿಯ ನೀರಲ್ಲ, ನೀರು ಹೊತ್ತು ತರುವ ಮರಳು ಮತ್ತು ಗುಂಡುಕಲ್ಲು. ಸುಳಿಗೆ ಸಿಕ್ಕಿದ ಕಲ್ಲು ವರ್ಷಗಟ್ಟಲೆ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಕುಳಿಗಳನ್ನು ತೋಡುತ್ತದೆ. ಹೀಗೆ ಮೇಲಿನ ನಾಡಿನಲ್ಲಿ ಅರೆದ ಪುಡಿಯೇ ಕೆಳಗೆ ತಂಜಾವೂರಿನ ಕಡೆ ಮೆಕ್ಕಲು ಮಣ್ಣಾಗಿ ಭತ್ತ ಬೆಳೆಯುತ್ತದೆ. ಆ ಮಣ್ಣನ್ನು ಹರಡಿದ್ದು ನೆರೆ. ದಡ ಮೀರಿದ ನೀರು ಅಗಲವಾಗಿ ಹಬ್ಬಿದಾಗ ವೇಗ ತಗ್ಗಿ, ಹೊತ್ತ ಮಣ್ಣನ್ನು ಅಲ್ಲೇ ಇಳಿಸುತ್ತದೆ. ನೆರೆಯೇ ಬಾರದ ನದಿಗೆ ಅಂಥ ಬಯಲೂ ಇಲ್ಲ. ಬಯಲು ಫಲವತ್ತಾದುದೆಂದು ಜನ ಬಂದು ನೆಲೆಸುತ್ತಾರೆ. ಜನ ನೆಲೆಸಿದ ಕಾರಣದಿಂದಲೇ ಮುಂದಿನ ನೆರೆ ಅನಾಹುತವೆನ್ನಿಸಿಕೊಳ್ಳುತ್ತದೆ. ನೀರು ಮಾಡಿದ ಕೆಲಸ ಎರಡು ಸಲವೂ ಒಂದೇ. ಒಮ್ಮೆ ಅದನ್ನು ವರವೆಂದೆವು, ಇನ್ನೊಮ್ಮೆ ವಿಕೋಪವೆಂದೆವು.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ, ಆದ್ದರಿಂದ ನೆರೆಯ ಭಯವೂ ಇಲ್ಲವೆಂದು ನಾವು ಬಹುಮಂದಿ ನಂಬಿದ್ದೆವು. ಇದೊಂದು ದಿಬ್ಬದ ಮೇಲಿನ ಊರು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೆಂಚಿನ ಮನೆಯ ಮೋಟಿನ ಮೇಲೆ ಬಿದ್ದ ಮಳೆ ಎರಡು ಕಡೆಗೆ ಇಳಿಯುವಂತೆ, ಈ ದಿಬ್ಬದ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯಲ್ಲಿ ಹರಿದು ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂದು ನಾವು ಕರೆಯುವ ಕಣಿವೆಗಳನ್ನು, ಊರು ಹುಟ್ಟುವುದಕ್ಕೆ ಎಷ್ಟೋ ಮುಂಚೆ ನೀರು ತೋಡಿ ಇಟ್ಟಿತ್ತು. ಹಿಂದಿನವರು ಅವನ್ನು ಓದಿಕೊಂಡರು. ಕಣಿವೆಗೆ ಅಡ್ಡವಾಗಿ ಏರಿ ಹಾಕಿದರು. ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿ. ಒಂದು ಕೆರೆಗೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮಳೆ ಒಮ್ಮೆಗೇ ಬಂದರೂ ನೀರು ಅಲ್ಲಲ್ಲಿ ತಂಗಿ ತಂಗಿ ಹೋಗುವಂತೆ ಮಾಡಿದ ಏರ್ಪಾಡು ಅದು.

ಆ ಕೆರೆಗಳಲ್ಲಿ ಹಲವನ್ನು ನಾವು ಈಗ ಬೇರೆ ಹೆಸರಿನಿಂದ ಬಲ್ಲೆವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ, ಅಕ್ಕಿತಿಮ್ಮನಹಳ್ಳಿಯ ಕೆರೆಯಲ್ಲಿ ಹಾಕಿ ಆಡುತ್ತಾರೆ. ಕೆರೆಯನ್ನು ಮಣ್ಣು ಹಾಕಿ ಮುಚ್ಚಬಹುದು, ಕಣಿವೆಯನ್ನು ಮುಚ್ಚಲಾಗದು. ಅದರ ಮೇಲೆ ನಾವು ಸಿಮೆಂಟನ್ನೂ ಡಾಂಬರನ್ನೂ ಹಾಸಿದ್ದೇವೆ. ಮಣ್ಣಿನ ನೆಲ ಮಳೆಯ ಒಂದು ಪಾಲನ್ನು ಕುಡಿದು ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಸಿಮೆಂಟಿಗೆ ಆ ಸೈರಣೆಯಿಲ್ಲ. ಬಂದದ್ದನ್ನೆಲ್ಲ ಒಡನೆಯೇ ಕೆಳಗಿನವನಿಗೆ ದಾಟಿಸುತ್ತದೆ.

ಮಳೆ ನಿಂತ ಮೇಲೆ ಒಂದು ಭಾನುವಾರ ನಾನು ಬೀರುವಿನಿಂದ ಮನೆಯ ಕಾಗದಪತ್ರಗಳನ್ನು ತೆಗೆದೆ. ನನ್ನ ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಿತ್ತು. ಅದರ ಜೊತೆಗೆ ಕಟ್ಟಿದ್ದ ಹಳೆಯ ಪತ್ರದ ನಕಲಿನಲ್ಲಿ, ಅಂದರೆ ಈ ನೆಲ ಹೊಲವಾಗಿದ್ದ ಕಾಲದ ಪತ್ರದಲ್ಲಿ, ಅದೇ ಜಾಗಕ್ಕೆ ‘ಪೂರ್ವಕ್ಕೆ ಕಾಲುವೆ’ ಎಂದಿತ್ತು. ಕಾಲುವೆ ಯಾವಾಗ ರಸ್ತೆಯಾಯಿತೆಂದು ಎರಡರಲ್ಲಿಯೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಹಳಗನ್ನಡದ ಒಂದೊಂದು ಪದವನ್ನೂ ಬಿಡಿಸಿ ಅರ್ಥ ಹೇಳುವ ನಾನು, ಸಾಲ ಮಾಡಿ ಕೊಂಡ ನೆಲದ ನಾಲ್ಕು ಸಾಲನ್ನು ಓದಿರಲಿಲ್ಲ. ಸಾಲ ಕೊಟ್ಟವರು ಓದಿರುತ್ತಾರೆ ಎಂದುಕೊಂಡಿದ್ದೆ. ಮೇಸ್ತ್ರಿ ಮಾತ್ರ ಕಾಗದ ನೋಡದೆಯೇ ಓದಿದ್ದ.

ಆ ಚಕ್ಕುಬಂದಿಯನ್ನು ನೋಡುತ್ತಿದ್ದಾಗ ನನಗೆ ನಮ್ಮ ಶಾಸನಗಳ ನೆನಪಾಯಿತು. ಕೆರೆಗೆ ಬಿಟ್ಟ ದತ್ತಿಯ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಕೆರೆಯ ಪೋಷಣೆಗಾಗಿ ಭೂಮಿ ಬಿಟ್ಟು, ಅದರ ಎಲ್ಲೆಯನ್ನು ಕಲ್ಲು, ಮರ, ಹುತ್ತಗಳ ಗುರುತಿನಿಂದ ಹೇಳಿ, ಕೊನೆಗೆ ಶಾಪವನ್ನು ಹಾಕಿರುತ್ತಾರೆ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂದು. ವಿದ್ಯಾರ್ಥಿಗಳು ಇದನ್ನು ಕೇಳಿ ನಗುತ್ತಾರೆ; ನಾನೂ ನಕ್ಕಿದ್ದೇನೆ. ಈಗ ಅದರ ಅಗತ್ಯ ಏನಿತ್ತೆಂದು ಹೊಳೆಯುತ್ತದೆ. ಕೆರೆಯ ಏರಿಯನ್ನು ಕಡಿದವನು ಮೇಲೆ ಇರುತ್ತಾನೆ, ಮುಳುಗುವವನು ಕೆಳಗೆ ಇರುತ್ತಾನೆ. ಕಾಲುವೆಯನ್ನು ಒತ್ತಿದವನ ಗದ್ದೆ ಹಿಗ್ಗುತ್ತದೆ, ಒಣಗುವುದು ಮತ್ತೊಬ್ಬನದು. ನೀರಿನ ವಿಷಯದಲ್ಲಿ ಮಾಡುವವನೂ ಉಣ್ಣುವವನೂ ಒಬ್ಬನೇ ಆಗಿರುವುದು ಅಪರೂಪ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಅಲ್ಲಿ ತಾನಾಗಿ ನಡೆಯುವುದಿಲ್ಲ. ನಡೆಯದ ಲೆಕ್ಕವನ್ನು ನಡೆಸಲು, ಕೆಳಗಿನವನ ನಷ್ಟವನ್ನು ಮೇಲಿನವನ ಮನೆಬಾಗಿಲಿಗೆ ಹೇಗಾದರೂ ತಂದು ನಿಲ್ಲಿಸಲು, ಹಿಂದಿನವರಿಗೆ ಇದ್ದ ಉಪಾಯ ಶಾಪ.

ತಲಕಾಡಿನ ಕಥೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿ ಆಳುತ್ತಿದ್ದ ತಿರುಮಲರಾಜನ ಮಡದಿ ಅಲಮೇಲಮ್ಮನ ಒಡವೆಗಳಿಗಾಗಿ ಆಳುಗಳನ್ನು ಕಳಿಸಿದರಂತೆ. ಆಕೆ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರಿನ ಅರಸರಿಗೆ ಸಂತಾನವಾಗದಿರಲಿ ಎಂದು ಶಪಿಸಿ ಕಾವೇರಿಗೆ ಹಾರಿದಳಂತೆ. ತಲಕಾಡಿನ ಗುಡಿಗಳು ಮರಳಿನಲ್ಲಿ ಹೂತಿರುವುದು ಕಣ್ಣಿಗೆ ಕಾಣುವ ಸಂಗತಿ. ಕಾವೇರಿ ಅಲ್ಲಿ ಬಲವಾಗಿ ತಿರುಗುತ್ತದೆ. ತಿರುವಿನ ಹೊರದಡವನ್ನು ನೀರು ಕೊರೆದು ಆಳ ಮಾಡುತ್ತದೆ, ಒಳದಡದಲ್ಲಿ ಮರಳನ್ನು ಬಿಡುತ್ತದೆ. ಒಂದು ಕಡೆ ಮಡು, ಒಂದು ಕಡೆ ಮರಳು. ಮೇಲ್ಗಡೆ ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಅಣೆಕಟ್ಟು ಎದ್ದ ತರುವಾಯ ಹರಿವು ತಗ್ಗಿ, ಬಯಲಾದ ಮರಳನ್ನು ಮುಂಗಾರಿನ ಗಾಳಿ ಊರ ಮೇಲೆ ತಂದು ಸುರಿಯಿತೆಂದು ವಿದ್ವಾಂಸರಲ್ಲಿ ಕೆಲವರು ವಿವರಿಸಿದ್ದಾರೆ. ಆ ವಿವರಣೆ ನನಗೆ ಒಪ್ಪಿಗೆ. ಆದರೆ ಜನ ಶಾಪದ ಕಥೆಯನ್ನೇ ಏಕೆ ನೆನಪಿಟ್ಟರೆಂಬುದೂ ನನಗೆ ತಿಳಿಯುತ್ತದೆ. ಊರೊಂದು ಮುಳುಗಿದರೆ ಎಲ್ಲಿಯೋ ಯಾರೋ ಮಾಡಿದ ಅನ್ಯಾಯವಿರಬೇಕು ಎಂದು ಅವರ ಮನಸ್ಸು ಹುಡುಕಿತು. ಹುಡುಕಿದ ಜಾಗ ತಪ್ಪಿರಬಹುದು, ಹುಡುಕಿದ್ದು ತಪ್ಪಲ್ಲ. ‘ಪ್ರಕೃತಿ ವಿಕೋಪ’ ಎನ್ನುವ ನಾವು ಹುಡುಕುವುದನ್ನೇ ಬಿಟ್ಟಿದ್ದೇವೆ.

ಹಾಗೆಂದು ಹಿಂದಿನವರ ಲೆಕ್ಕವೆಲ್ಲ ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ, ಕಟ್ಟಿಸಿದ ಕೆರೆಗೆ ನೀರು ಬರಲೆಂದು ಬಲಿಯಾಗುವವಳು ಕೆರೆ ಕಟ್ಟಿಸಿದ ಗೌಡನಲ್ಲ, ಅವನ ಕಿರಿಯ ಸೊಸೆ ಭಾಗೀರಥಿ. ಊರಿಗೆಲ್ಲ ನೀರು, ಮನೆಯಲ್ಲಿ ಮಾತಿಲ್ಲದವಳಿಗೆ ಸಾವು. ಅದನ್ನು ಪಾಠ ಹೇಳುವಾಗ ನಾವು ತ್ಯಾಗವೆಂದು ಹೊಗಳುತ್ತೇವೆ. ತ್ಯಾಗ ಮಾಡಿದವಳನ್ನು ಯಾರಾದರೂ ನಿನ್ನ ಇಷ್ಟವೇನು ಎಂದು ಕೇಳಿದರೆ ಎಂಬ ಪ್ರಶ್ನೆಯನ್ನು ಒಂದು ವರ್ಷ ಹುಡುಗಿಯೊಬ್ಬಳು ಎತ್ತಿದಳು. ಆ ದಿನ ನಾನು ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ.

ಇಂದಿಗೂ ಅದೇ ನಡೆಯುತ್ತಿದೆ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆಯನ್ನು ಅಗಲಿಸಲು ಗುಡ್ಡದ ಬುಡವನ್ನು ಕಡಿದಿದ್ದರು. ಇಳಿಜಾರಿನ ಕಾಲನ್ನು ಕಡಿದು, ಮೇಲಿನ ಮಣ್ಣು ಮಳೆಯ ನೀರು ಕುಡಿದು ಭಾರವಾದರೆ, ಗುಡ್ಡ ನಿಲ್ಲುವುದು ಕಷ್ಟ. ಹತರಾದವರು ದಾರಿಬದಿಯ ಚಹದ ಅಂಗಡಿಯವರು, ದಣಿವಾರಿಸಿಕೊಳ್ಳಲು ನಿಂತಿದ್ದ ಲಾರಿಯವರು. ಅಷ್ಟೇ ಅಲ್ಲ, ಮಣ್ಣು ಗಂಗಾವಳಿಯೊಳಕ್ಕೆ ಬಿದ್ದ ರಭಸಕ್ಕೆ ಎದ್ದ ಅಲೆ ನದಿಯನ್ನು ದಾಟಿ, ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಗುಡ್ಡ ಕಡಿದದ್ದು ಈಚೆ ದಡದಲ್ಲಿ, ಮನೆ ಬಿದ್ದದ್ದು ಆಚೆ ದಡದಲ್ಲಿ. ಆ ಹೆದ್ದಾರಿಯಲ್ಲಿ ಗೋಕರ್ಣಕ್ಕೋ ಕಾರವಾರಕ್ಕೋ ಸುಖವಾಗಿ ಹೋಗಿಬಂದ ನನ್ನಂಥವರು ಪತ್ರಿಕೆಯಲ್ಲಿ ಓದಿ ಮರುಗಿದೆವು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದಲ್ಲ. 1924ರಲ್ಲಿ ಕಾವೇರಿಗೆ ಬಂದ ಮಹಾಪ್ರವಾಹಕ್ಕೆ ಯಾರ ಬಡಾವಣೆಯೂ ಕಾರಣವಲ್ಲ. ಅದೇ ವರ್ಷದ ನೆರೆಯನ್ನು ಕೇರಳದವರು ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದು ತಮ್ಮ ಕೊಲ್ಲಂ ಶಕೆಯ ಲೆಕ್ಕದಲ್ಲಿ ನೆನೆಯುತ್ತಾರೆ. ಮನುಷ್ಯನ ಕೈವಾಡವಿಲ್ಲದೆಯೂ ನೀರು ಕೊಲ್ಲಬಲ್ಲುದು. ಮತ್ತೆ, ರಸ್ತೆ ಬೇಡ, ಮನೆ ಬೇಡ ಎಂದರೆ ಕೋಟಿ ಜನ ಎಲ್ಲಿರಬೇಕು? ನಿಜ. ಆದರೆ ಮಳೆ ಎಷ್ಟು ಬೀಳುವುದೆಂಬುದು ನಮ್ಮ ಕೈಯಲ್ಲಿಲ್ಲದಿದ್ದರೂ, ಬಿದ್ದ ಮಳೆ ಯಾರ ಮನೆಗೆ ಹೋಗುವುದೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮಲಪ್ರಭೆಯ ಪಾತ್ರದೊಳಕ್ಕೆ ಬೆಳೆ ಇಳಿದು ನದಿ ಕಿರಿದಾಗಿದೆಯೆಂದು ಆ ಕಡೆಯವರು ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಅದೇ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂತು. ಮಳೆ ದೈವದ್ದೇ ಇರಲಿ, ಹಂಚಿಕೆ ಮನುಷ್ಯನದು. ನೀತಿಯ ಪ್ರಶ್ನೆ ಏಳುವುದು ಮಳೆಯಲ್ಲಲ್ಲ, ಹಂಚಿಕೆಯಲ್ಲಿ.

ನಿಘಂಟಿನಲ್ಲಿ ‘ನೆರೆ’ ಎಂಬ ಪದವನ್ನು ನೋಡಿದರೆ, ಪ್ರವಾಹವೆಂದೂ ಅರ್ಥವಿದೆ, ಪಕ್ಕದ ಮನೆ ಎಂದೂ ಅರ್ಥವಿದೆ. ಕೂಡು, ತುಂಬು ಎಂಬ ಅರ್ಥದ ಕ್ರಿಯಾಪದವೂ ಅದೇ. ಪದಗಳ ಹೋಲಿಕೆಯಿಂದ ತತ್ತ್ವ ತೆಗೆಯುವುದು ಕನ್ನಡ ಮೇಷ್ಟರಿಗೆ ಅಂಟಿದ ದುರಭ್ಯಾಸವೆಂದು ನನಗೆ ಗೊತ್ತು. ಆದರೆ ನೆರೆ ಬಂದಾಗಲೇ ನನಗೆ ನೆರೆಯವರು ಯಾರೆಂದು ತಿಳಿದದ್ದು. ಅದುವರೆಗೆ ನನ್ನ ನೆರೆಯವರೆಂದರೆ ನನ್ನಷ್ಟೇ ಎತ್ತರದಲ್ಲಿ ಮನೆ ಕಟ್ಟಿಕೊಂಡವರು. ಇಳಿಜಾರಿನಲ್ಲಿ ನನ್ನ ಕೆಳಗಿದ್ದವರು ಆ ಲೆಕ್ಕಕ್ಕೆ ಸೇರಿರಲಿಲ್ಲ.

ಮರುವರ್ಷ ನಮ್ಮ ಬೀದಿಯವರು ಸಭೆ ಸೇರಿದರು. ಬೀದಿಯ ಮೇಲ್ತುದಿಯಲ್ಲಿ ಎರಡಡಿ ಎತ್ತರದ ಕಾಂಕ್ರೀಟು ತಡೆ ಕಟ್ಟಿಸಿದರೆ ನೀರು ನಮ್ಮ ಕಡೆ ಬರದೆ ಪಕ್ಕದ ಓಣಿಯಿಂದ ಇಳಿದುಹೋಗುತ್ತದೆ ಎಂದು ಒಬ್ಬರು ನಕ್ಷೆ ಬರೆದು ತೋರಿಸಿದರು. ಎಲ್ಲರೂ ವಿದ್ಯಾವಂತರು, ಒಳ್ಳೆಯವರು. ಆ ಓಣಿ ಹೋಗಿ ಮುಟ್ಟುವುದು ಶೀಟಿನ ಮನೆಗಳ ಹಿಂಬದಿಯನ್ನು. “ಆಮೇಲೆ ನೀರು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದೆ. “ಅದನ್ನ ಸರ್ಕಾರ ನೋಡ್ಕೊಳ್ಳುತ್ತೆ ಸಾರ್” ಎಂದರು. ನಾನು ರುಜು ಹಾಕಲಿಲ್ಲ. ಹಳೆಯ ಕಾಲುವೆಯನ್ನು ಅಗೆಸಿ ಬಿಡಿಸಲು ಅರ್ಜಿ ಕೊಡೋಣ ಎಂದೆ. ಅಗೆದರೆ ನಮ್ಮದೇ ಎಷ್ಟು ಗೇಟುಗಳು, ಎಷ್ಟು ಅಂಗಳಗಳು ಹೋಗುತ್ತವೆಂಬ ಲೆಕ್ಕ ಬಂದೊಡನೆ ಮಾತು ನಿಂತಿತು. ತಡೆ ಇನ್ನೂ ಎದ್ದಿಲ್ಲ, ಕಾಲುವೆಯೂ ತೆರೆದಿಲ್ಲ. ಕೆಲವರು ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ.

ಇದನ್ನು ನನ್ನ ಹಿರಿಮೆಗಾಗಿ ಬರೆಯುತ್ತಿಲ್ಲ. ರುಜು ಹಾಕದಿರುವುದು ಸುಲಭ. ನನ್ನ ಮನೆ ಆಗಲೇ ಮೂರಡಿ ಎತ್ತರದಲ್ಲಿ ನಿಂತಿದೆ. ಅದನ್ನು ತಗ್ಗಿಸಲು ನಾನು ಸಿದ್ಧನಿಲ್ಲ, ತಗ್ಗಿಸಿದರೂ ಆಕೆಯ ಮನೆ ಉಳಿಯುವುದಿಲ್ಲ. ಅಂಗಳದ ಸಿಮೆಂಟನ್ನು ಒಡೆಸಿ, ಮೂಲೆಯಲ್ಲಿ ಒಂದು ಇಂಗುಗುಂಡಿ ತೋಡಿಸಿದ್ದೇನೆ. ನನ್ನ ಚಾವಣಿಯ ನೀರು ಅದರೊಳಗೆ ಹೋಗುತ್ತದೆ. ಸಾಧಾರಣ ಮಳೆಗೆ ಅದು ಸಾಕು, ಜಡಿಮಳೆಗೆ ಸಾಲದು. ಸಾಲ ತೀರಿತೆಂದು ನಾನು ತಿಳಿದಿಲ್ಲ. ಇಷ್ಟು ಸಾಲವಿದೆ ಎಂಬುದಾದರೂ ಈಗ ಗೊತ್ತಿದೆ.

ಕಳೆದ ಮಳೆಗಾಲದಲ್ಲಿ ಮೋಡ ಕವಿದ ಒಂದು ಸಂಜೆ ಆಕೆ ಗೇಟಿನ ಬಳಿ ನಿಂತು, “ಬಟ್ಟೆ ಗಂಟುಗಳನ್ನ ನಿಮ್ಮ ವರಾಂಡದಲ್ಲಿ ಇಡಲಾ ಮೇಷ್ಟ್ರೇ, ಇಲ್ಲಿ ಎತ್ತರ ಐತೆ” ಎಂದು ಕೇಳಿದಳು. ಇಡಮ್ಮ ಎಂದೆ. ಈಗ ಆಕಾಶ ಕಪ್ಪಾದಾಗಲೆಲ್ಲ ಆಕೆ ಕೇಳದೆಯೇ ಗೇಟು ತೆಗೆದು ಬಂದು, ಇಡೀ ಬೀದಿಯ ಬಟ್ಟೆಗಳನ್ನು, ಇದ್ದಿಲ ಮೂಟೆಯನ್ನು, ಮಗಳ ಪುಸ್ತಕದ ಚೀಲವನ್ನು ಮೆಟ್ಟಿಲು ಹತ್ತಿಸಿ ಒಳಗೆ ಇಟ್ಟು ಹೋಗುತ್ತಾಳೆ.